ಜೇಬುಚಾಕುವಿನ ಎಲುಬಿನ ಹಿಡಿ: ಅದರ ವರ್ಣಸಂಸ್ಕಾರ ಮತ್ತು ರಕ್ಷಣೆ

೧. ವಿಷಯ ಪ್ರವೇಶ

ಅಂಗಿಯ ಜೇಬಿನಲ್ಲಿಯೋ ಎಲೆಯಡಿಕೆಯ ಚೀಲದಲ್ಲಿಯೋ ಇಟ್ಟುಕೊಳ್ಳುವ ಮಡಿಸುವ ಚಾಕು ನಮ್ಮ ನಾಡಿನ ನಿತ್ಯಜೀವನದ ಸಾಧನಗಳಲ್ಲಿ ಒಂದಾಗಿತ್ತು. ಶಾನುಭೋಗರು ಲೆಕ್ಕಣಿಕೆಯ ಮೊನೆಯನ್ನು ಕೆತ್ತಿಕೊಳ್ಳುವುದಕ್ಕೂ, ರೈತರು ಅಡಕೆಯನ್ನು ಸೀಳಿ ಕೊಬ್ಬರಿಯನ್ನು ಹೆರೆಯುವುದಕ್ಕೂ ಇದನ್ನು ಬಳಸುತ್ತಿದ್ದರು. ತಾಳೆಗರಿಯ ಕಾಲದಲ್ಲಿ ಓಲೆಯನ್ನು ಕತ್ತರಿಸುವ ಅಲಗನ್ನೂ ಬರೆಯುವ ಕಂಠವನ್ನೂ ಒಂದೇ ಹಿಡಿಯೊಳಗೆ ಮಡಿಸಿಡುವ ಜೋಡುಸಾಧನಗಳು ದಕ್ಷಿಣ ಭಾರತದಲ್ಲಿಯೂ ಸಿಂಹಳದಲ್ಲಿಯೂ ಬಳಕೆಯಲ್ಲಿದ್ದುವು. ಕೊಡಗಿನವರು ಚೇಲೆಯಲ್ಲಿ ಸಿಕ್ಕಿಸಿಕೊಳ್ಳುವ ಪೀಚೆಕತ್ತಿಯು ಮಡಿಸುವ ಚಾಕುವಲ್ಲವಾದರೂ, ಬೆಳ್ಳಿಯೊಡನೆ ದಂತ, ಕೊಂಬು ಮುಂತಾದ ಪ್ರಾಣಿಜನ್ಯ ವಸ್ತುಗಳಿಂದ ಹಿಡಿಯನ್ನು ಅಲಂಕರಿಸುವ ಕಲೆಗೆ ಅದೇ ಉತ್ತಮ ನಿದರ್ಶನವಾಗಿದೆ.

ಇಂಥ ಸಾಧನಗಳನ್ನು ಕುರಿತು ಬರೆದವರು ಸಾಮಾನ್ಯವಾಗಿ ಅಲಗಿನ ಲೋಹವನ್ನು ಗಮನಿಸುವರೇ ಹೊರತು ಹಿಡಿಯನ್ನು ಗಮನಿಸುವುದು ಕಡಮೆ. ಆದರೆ ಮೊದಲು ಕೆಡುವುದು ಹಿಡಿ; ತಪ್ಪು ಉಪಚಾರಕ್ಕೆ ಬಲಿಯಾಗುವುದೂ ಹಿಡಿಯೇ. ಕಾಲೇಜುಗಳ ವಸ್ತುಸಂಗ್ರಹಗಳಿಗೆ ಹಳೆಯ ಮನೆಗಳಿಂದ ಬರುವ ಚಾಕುಗಳನ್ನು ಹೊಳಪಿಸುವ ಉತ್ಸಾಹದಲ್ಲಿ ಹುಣಿಸೆಹುಳಿಯಲ್ಲಿ ನೆನೆಹಾಕುವುದು, ಬಟ್ಟೆ ಬಿಳುಪಿಸುವ ಪುಡಿಯಲ್ಲಿ ತೊಳೆಯುವುದು ಮೊದಲಾದ ಕ್ರಮಗಳಿಂದ ಆಗುವ ಹಾನಿಯನ್ನು ಮತ್ತೆ ಸರಿಪಡಿಸುವುದು ಸಾಧ್ಯವಿಲ್ಲ. ಎಲುಬಿನ ರಚನೆ ಎಂಥದು, ಅದು ಬಣ್ಣವನ್ನು ಹೇಗೆ ಹಿಡಿಯುತ್ತದೆ, ಯಾವುದು ಅದನ್ನು ಉಳಿಸುತ್ತದೆ, ಯಾವುದು ಅಳಿಸುತ್ತದೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಉದಾಹರಣೆಗಳನ್ನು ಸಾಧ್ಯವಾದಮಟ್ಟಿಗೆ ಅರಸೀಕೆರೆ, ಬೇಲೂರು, ಹಳೇಬೀಡುಗಳ ಸೀಮೆಯಿಂದ ಆರಿಸಿಕೊಂಡಿದೆ. ಇವು ಚಾಕುವಿನ ಕೈಗಾರಿಕೆಗೆ ಹೆಸರಾದ ಊರುಗಳಲ್ಲ. ಆದರೆ ಮಲೆನಾಡಿನ ಅಡಕೆಯ ಚೊಗರು, ಮೈದಾನದ ತೆಂಗಿನೆಣ್ಣೆ, ಹೊಯ್ಸಳರ ಶಿಲ್ಪಿಗಳು ಕಲ್ಲಿಗೆ ಕೊಟ್ಟ ನಯ, ಈ ಮೂರೂ ನಮ್ಮ ವಿಷಯಕ್ಕೆ ಬೇಕಾದ ಪಾಠಗಳನ್ನು ಅಲ್ಲಿ ಒದಗಿಸುತ್ತವೆ.

೨. ಎಲುಬಿನ ರಚನೆ

ಒಣಗಿದ ಗಟ್ಟಿ ಎಲುಬಿನ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಖನಿಜಾಂಶ. ಇದು ಕ್ಯಾಲ್ಸಿಯಂ ಫಾಸ್ಫೇಟಿನ ಒಂದು ರೂಪ. ಉಳಿದುದರಲ್ಲಿ ಬಹುಭಾಗ ಕಾಲಜನ್ ಎಂಬ ಪ್ರೋಟೀನು. ಸ್ವಲ್ಪ ಭಾಗ ನೀರು. ಖನಿಜವು ಗಡಸುತನವನ್ನೂ ಕಾಲಜನ್ ನಾರುಗಳು ಬಾಗುವ ಗುಣವನ್ನೂ ಕೊಡುತ್ತವೆ. ಎಲುಬನ್ನು ಆಮ್ಲದಲ್ಲಿಟ್ಟರೆ ಖನಿಜವು ಕರಗಿ ರಬ್ಬರಿನಂತೆ ಬಳುಕುವ ಪದಾರ್ಥ ಉಳಿಯುತ್ತದೆ. ಬೆಂಕಿಯಲ್ಲಿ ಸುಟ್ಟರೆ ಪ್ರೋಟೀನು ನಾಶವಾಗಿ ಬೆರಳಿಗೆ ಪುಡಿಯಾಗುವ ಬಿಳಿಯ ಬೂದಿ ಉಳಿಯುತ್ತದೆ. ಈ ಎರಡು ಸರಳ ಪ್ರಯೋಗಗಳನ್ನು ನೆನಪಿನಲ್ಲಿಟ್ಟುಕೊಂಡವರಿಗೆ ಮುಂದಿನ ವಿಷಯವೆಲ್ಲ ಸುಲಭವಾಗುತ್ತದೆ.

ಜೀವಂತ ಎಲುಬಿನಲ್ಲಿ ರಕ್ತನಾಳಗಳು ಹಾಯುವ ಸೂಕ್ಷ್ಮನಾಳಗಳಿರುತ್ತವೆ. ಇವುಗಳ ಅಗಲ ಸುಮಾರು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಭಾಗ. ಕಾಲಿನ ಎಲುಬಿನಲ್ಲಿ ಇವು ಹೆಚ್ಚಾಗಿ ಉದ್ದಕ್ಕೆ ಹರಿಯುತ್ತವೆ. ಎಲುಬಿನ ಹಿಡಿಯನ್ನು ಬೂದುಗನ್ನಡಿಯಲ್ಲಿ ನೋಡಿದಾಗ ಉದ್ದಕ್ಕೆ ಕಪ್ಪು ಗೀಟುಗಳೂ ಅಡ್ಡಕೊಯ್ತದಲ್ಲಿ ಕಪ್ಪು ಚುಕ್ಕೆಗಳೂ ಕಾಣುವುದು ಈ ನಾಳಗಳಲ್ಲಿ ಕೊಳೆ ಸೇರಿಕೊಂಡಿರುವುದರಿಂದ. ಬಣ್ಣವು ಒಳಹೋಗುವ ದಾರಿಯೂ ಇದೇ, ಜಿಡ್ಡು ಅಡಗಿ ಕುಳಿತುಕೊಳ್ಳುವ ಜಾಗವೂ ಇದೇ.

ಆನೆಯ ದಂತದಲ್ಲಿ ಇಂಥ ನಾಳಗಳಿಲ್ಲ. ಅದರ ಅಡ್ಡಕೊಯ್ತದಲ್ಲಿ ಒಂದನ್ನೊಂದು ಹಾಯುವ ಬಾಗುಗೆರೆಗಳ ಜಾಲರಿ ಕಾಣುತ್ತದೆ. ದಂತದ ಹೊರಭಾಗದಲ್ಲಿ ಈ ಗೆರೆಗಳು ಕೂಡುವ ಕೋನ ಇಂದಿನ ಆನೆಗಳಲ್ಲಿ ವಿಶಾಲವಾಗಿಯೂ, ಅಳಿದುಹೋದ ಮ್ಯಾಮತ್ತಿನಲ್ಲಿ ೯೦ ಡಿಗ್ರಿಗಿಂತ ಕಿರಿದಾಗಿಯೂ ಇರುತ್ತದೆ. ಎಮ್ಮೆಯ ಕೊಂಬು ಇವೆರಡಕ್ಕಿಂತಲೂ ಬೇರೆ. ಅದು ಕೂದಲು, ಉಗುರುಗಳ ಜಾತಿಯ ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ಬಿಸಿ ತಗುಲಿದರೆ ಮೆದುವಾಗಿ ಒತ್ತಿದ ಆಕಾರಕ್ಕೆ ಬರುತ್ತದೆ. ಎಲುಬು ಹಾಗೆ ಬಗ್ಗುವುದಿಲ್ಲ. ಜಿಂಕೆಯ ಕವಲುಗೊಂಬಾದರೋ ಹೆಸರಿಗೆ ಕೊಂಬೇ ಆದರೂ ರಚನೆಯಲ್ಲಿ ಎಲುಬೇ.

೩. ಎಲುಬಿಗೆ ಬಂದ ಪ್ರಾಧಾನ್ಯ

ಹಿಂದೆ ಎಲುಬನ್ನು ಬಡವರ ದಂತವೆಂದು ಭಾವಿಸುತ್ತಿದ್ದರು. ಇಂದು ಪರಿಸ್ಥಿತಿ ಬದಲಾಗಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮಕ್ಕೆ ೧೯೮೬ರಲ್ಲಿ ಆದ ತಿದ್ದುಪಡಿಯು ಭಾರತದ ಆನೆಯ ದಂತದ ವ್ಯಾಪಾರವನ್ನೂ, ೧೯೯೧ರ ತಿದ್ದುಪಡಿಯು ಆಫ್ರಿಕದ ದಂತದ ವ್ಯಾಪಾರವನ್ನೂ ನಿಷೇಧಿಸಿದುವು. ಬೀಟೆಮರದಲ್ಲಿ ದಂತವನ್ನು ಕೂರಿಸುತ್ತಿದ್ದ ಮೈಸೂರಿನ ಕುಶಲಿಗಳು ಬೇರೆ ಬಣ್ಣದ ಮರಗಳನ್ನೂ ಪ್ಲಾಸ್ಟಿಕ್ಕನ್ನೂ ಆಶ್ರಯಿಸಿದರು; ಉತ್ತರದಲ್ಲಿ ಲಖನೌದ ಕೆತ್ತನೆಗಾರರು ಎಮ್ಮೆಯ ಎಲುಬನ್ನು ಆಶ್ರಯಿಸಿದರು. ಕಡವೆಯ ಕವಲುಗೊಂಬು ಭಾರತದಿಂದ ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗೆನ್ ನಗರಗಳ ಚಾಕು ತಯಾರಕರಿಗೆ ಬಹುಕಾಲ ಹೋಗುತ್ತಿತ್ತು. ೧೯೯೮ರಲ್ಲಿ ಆ ರಫ್ತೂ ನಿಂತಿತು. ಕವಲುಗೊಂಬಿನ ಒರಟು ಮೈಯನ್ನು ಅನುಕರಿಸಲು ದನದ ಎಲುಬಿನ ಮೇಲೆ ಸಣ್ಣ ಸಣ್ಣ ಕಚ್ಚುಗಳನ್ನು ಹೊಡೆದು ಕಂದುಬಣ್ಣ ಕೊಡುವ ಪದ್ಧತಿ ಆ ದೇಶಗಳಲ್ಲಿ ಮೊದಲೇ ಬೆಳೆದಿತ್ತು. ಈಗ ಅದಕ್ಕೆ ಮತ್ತಷ್ಟು ಬೇಡಿಕೆ ಬಂದಿದೆ.

ಇದರಿಂದ ಎರಡು ಮಾತುಗಳು ಹೊರಡುತ್ತವೆ. ಚಾಕುವಿನ ಹಿಡಿಗೆ ಕಾನೂನಿನ ಅಡ್ಡಿಯಿಲ್ಲದೆ ದೊರೆಯಬಲ್ಲ ಪ್ರಾಣಿಜನ್ಯ ವಸ್ತುಗಳಲ್ಲಿ ಸಾಕಿದ ಪ್ರಾಣಿಗಳ ಎಲುಬು, ಕೊಂಬುಗಳೇ ಮುಖ್ಯವಾಗಿ ಉಳಿದಿವೆ ಎಂಬುದು ಒಂದು. ಹಳೆಯ ಚಾಕುವೊಂದು ಕೈಗೆ ಬಂದಾಗ ಅದರ ಹಿಡಿ ಎಲುಬೋ ದಂತವೋ ಕವಲುಗೊಂಬೋ ಎಂಬುದನ್ನು ಮೊದಲು ನಿರ್ಣಯಿಸಬೇಕು, ಬಣ್ಣದ ಮಾತು ಆಮೇಲೆ ಎಂಬುದು ಇನ್ನೊಂದು. ಕಾದ ಸೂಜಿಯಿಂದ ಚುಚ್ಚಿ ನೋಡುವ ಪರೀಕ್ಷೆ ವಸ್ತುವಿಗೆ ಗಾಯ ಮಾಡುತ್ತದೆ. ಹತ್ತುಮಡಿ ದೊಡ್ಡದಾಗಿ ತೋರಿಸುವ ಕನ್ನಡಿಯೊಂದಿದ್ದರೆ ಅದರ ಅಗತ್ಯವೇ ಬೀಳುವುದಿಲ್ಲ.

೪. ಬಣ್ಣಕ್ಕೆ ಮುಂಚಿನ ಸಿದ್ಧತೆ

ಹೊಸ ಹಿಡಿಗೆ ಎಮ್ಮೆಯ ಮುಂಗಾಲು ಹಿಂಗಾಲುಗಳ ಉದ್ದನೆಯ ಎಲುಬುಗಳ ನಡುಭಾಗವೇ ಶ್ರೇಷ್ಠ. ಅಲ್ಲಿ ಗಟ್ಟಿ ಪದರವು ದಪ್ಪವಾಗಿರುತ್ತದೆ. ತುದಿಗಳನ್ನು ಕೊಯ್ದು, ಮಜ್ಜೆಯನ್ನು ತೆಗೆದು, ಉದ್ದಕ್ಕೆ ಸೀಳಿ ಪಟ್ಟಿಗಳನ್ನು ಮಾಡುತ್ತಾರೆ. ಮುಖ್ಯವಾದ ಕಷ್ಟವೆಂದರೆ ಜಿಡ್ಡು. ಸೂಕ್ಷ್ಮನಾಳಗಳಲ್ಲಿ ಉಳಿದ ಕೊಬ್ಬು ತಿಂಗಳುಗಳ ಮೇಲೆ ಹಳದಿಯಾಗಿ ಹೊರಬಂದು, ಕೊಟ್ಟ ಬಣ್ಣವನ್ನು ತೇಪೆತೇಪೆಯಾಗಿ ಮಾಡುತ್ತದೆ. ಅಂಟುವಾಳದ ನೊರೆಯಲ್ಲಿ, ಇಲ್ಲವೆ ಸಾಬೂನಿನ ಉಗುರುಬೆಚ್ಚನೆಯ ನೀರಿನಲ್ಲಿ, ನೀರನ್ನು ಮತ್ತೆ ಮತ್ತೆ ಬದಲಾಯಿಸುತ್ತ ಎರಡು ಮೂರು ವಾರ ಇಟ್ಟರೆ ಇದು ಕಳೆಯುತ್ತದೆ.

ಕೆಲಸವನ್ನು ಬೇಗ ಮುಗಿಸಲು ಕುದಿಸುವುದು ದೊಡ್ಡ ತಪ್ಪು. ದೀರ್ಘಕಾಲ ಕುದಿಸಿದಾಗ ಕಾಲಜನ್ ವಜ್ರದ ಅಂಟಾಗಿ, ಎಂದರೆ ಜೆಲಾಟಿನ್ ಆಗಿ, ನೀರಿಗೆ ಇಳಿಯುತ್ತದೆ. ಉಳಿದ ಎಲುಬು ಸುಣ್ಣದ ಕಡ್ಡಿಯಂತೆ ಸೀಳುತ್ತದೆ. ಬಿಳುಪಿಸುವುದಕ್ಕೆ ನೂರಕ್ಕೆ ಮೂರರ ಜಲಜನಕ ಪೆರಾಕ್ಸೈಡು ಸಾಕು. ಕ್ಲೋರೀನಿನ ಬಿಳುಪುಪುಡಿಯು ಪ್ರೋಟೀನನ್ನೇ ತಿನ್ನುವುದರಿಂದ ಮೇಲುಮೈ ಸೀಮೆಸುಣ್ಣದಂತಾಗುತ್ತದೆ. ಆ ಬಿಳುಪು ಕಣ್ಣಿಗೆ ಚೆಲುವಾಗಿ ಕಂಡರೂ ಅದು ಎಲುಬಿನ ಅಳಿವಿನ ಗುರುತು.

ಎಲುಬನ್ನು ಅರೆಯುವವರು ನೀರು ಹನಿಸುತ್ತ ಅರೆಯಬೇಕು. ಮೂಗು ಬಾಯಿಗಳನ್ನು ಮುಚ್ಚಿಕೊಳ್ಳಬೇಕು. ಹಳ್ಳಿಗಳಲ್ಲಿ ನೆರಡಿ ಎಂದು ಕರೆಯುವ ಆಂಥ್ರಾಕ್ಸ್ ರೋಗದ ಬೀಜಾಣುಗಳು ಸತ್ತ ದನದ ಎಲುಬಿನಲ್ಲಿ ಬಹುಕಾಲ ಬದುಕಿರಬಲ್ಲುವು. ಸಾಮಾನ್ಯ ಬಿಸಿಗೆ ಅವು ಸಾಯುವುದಿಲ್ಲ. ರೋಗದಿಂದ ಸತ್ತ ಪ್ರಾಣಿಯ ಎಲುಬನ್ನು ಮುಟ್ಟಬಾರದು.

೫. ಬಣ್ಣ ಹಿಡಿಯುವ ಕ್ರಮ

ಎಲುಬಿನಲ್ಲಿ ಬಣ್ಣವನ್ನು ಹಿಡಿಯುವ ಮುಖ್ಯ ಅಂಶ ಕಾಲಜನ್. ಇದೂ ಉಣ್ಣೆಯೂ ಪ್ರೋಟೀನುಗಳೇ ಆದುದರಿಂದ ಉಣ್ಣೆಗೆ ಒಗ್ಗುವ ಬಣ್ಣಗಳು ಎಲುಬಿಗೂ ಒಗ್ಗುತ್ತವೆ. ೧೮೫೬ರಲ್ಲಿ ಪರ್ಕಿನ್ ಎಂಬ ಇಂಗ್ಲಿಷ್ ರಸಾಯನಜ್ಞನು ಮೊದಲ ಅನಿಲೀನ್ ಬಣ್ಣವನ್ನು ತಯಾರಿಸಿದ ಮೇಲೆ ಬಂದ ಆಮ್ಲವರ್ಣಗಳು ಈ ಕಾರಣದಿಂದಲೇ ಚಾಕು ತಯಾರಕರಿಗೆ ಪ್ರಿಯವಾದುವು.

ಇಲ್ಲಿ ಒಂದು ತೊಡಕಿದೆ. ಬಣ್ಣದ ನೀರು ಆಮ್ಲಗುಣವುಳ್ಳದ್ದಾಗಿದ್ದರೆ ಕಾಲಜನ್ನಿನ ಮೇಲೆ ಧನವಿದ್ಯುದಂಶ ಹೆಚ್ಚಿ, ಋಣವಿದ್ಯುದಂಶವುಳ್ಳ ಬಣ್ಣದ ಕಣಗಳನ್ನು ಅದು ಸೆಳೆದುಕೊಳ್ಳುತ್ತದೆ. ಆದರೆ ಅದೇ ಆಮ್ಲ ಖನಿಜವನ್ನು ಕರಗಿಸುತ್ತದೆ. ಬಣ್ಣಕ್ಕೆ ಹಿತವಾದುದು ಎಲುಬಿಗೆ ಅಹಿತ. ಆದುದರಿಂದ ಹುಳಿಯನ್ನು ಹಿತಮಿತವಾಗಿ ಬಳಸಬೇಕು. ಒಂದು ಸೇರು ನೀರಿಗೆ ಒಂದೆರಡು ಚಮಚ ವಿನಿಗರ್ ಸಾಕು. ಮೇಲುಮೈಯನ್ನು ಸ್ವಲ್ಪ ತೆರೆದು ಬಣ್ಣಕ್ಕೆ ದಾರಿ ಮಾಡುವಷ್ಟು ಹುಳಿ ಇರಬೇಕು, ಬೆರಳಿಗೆ ಮೈ ಜಿಗುಟಾಗುವಷ್ಟು ಇರಬಾರದು. ನೀರಿನ ಉಷ್ಣತೆ ೬೦ ಡಿಗ್ರಿ ಸೆಂಟಿಗ್ರೇಡನ್ನು ಮೀರದೆ, ಎಲುಬು ಬಣ್ಣದ ನೀರಿನಲ್ಲಿಯೇ ತಣಿಯಬೇಕು. ಬಿಸಿಯಿಂದ ತೆಗೆದು ಬಿಸಿಲಿಗೆ ಇಟ್ಟರೆ ಉದ್ದಕ್ಕೆ ಬಿರುಕು ಬಿಡುತ್ತದೆ.

ಬಣ್ಣವು ಸಾಮಾನ್ಯವಾಗಿ ಮೇಲಿನ ತೆಳುಪದರಕ್ಕೆ ಮಾತ್ರ ಇಳಿಯುವುದರಿಂದ ಆಕಾರ ಕೊಡುವುದೂ ರಂಧ್ರ ಕೊರೆಯುವುದೂ ಮೊದಲೇ ಮುಗಿದಿರಬೇಕು. ಕಚ್ಚು ಹೊಡೆದ ಹಿಡಿಯನ್ನು ಬಣ್ಣವಾದ ಮೇಲೆ ತಿಕ್ಕಿದಾಗ ಉಬ್ಬಿನ ಬಣ್ಣ ಸವೆದು ತಿಳಿಯಾಗುತ್ತದೆ, ತಗ್ಗಿನ ಬಣ್ಣ ಗಾಢವಾಗಿಯೇ ಉಳಿಯುತ್ತದೆ. ಕವಲುಗೊಂಬಿನ ಭ್ರಮೆಯನ್ನು ಹುಟ್ಟಿಸುವುದು ಈ ವ್ಯತ್ಯಾಸವೇ.

೬. ನಾಡಿನ ಬಣ್ಣಗಳು

ಚೊಗರು ಮತ್ತು ಅಳಲೆ. ಅಡಕೆಯನ್ನು ಬೇಯಿಸಿದಾಗ ಉಳಿಯುವ ಚೊಗರಿನಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ಹೇರಳವಾಗಿದೆ. ಟ್ಯಾನಿನ್ನಿಗೂ ಕಾಲಜನ್ನಿಗೂ ಬಲವಾದ ನಂಟು. ತೊಗಲನ್ನು ಹದಮಾಡುವ ಕಲೆಯೆಲ್ಲ ಈ ನಂಟಿನ ಮೇಲೆಯೇ ನಿಂತಿದೆ. ನಮ್ಮ ಸೀಮೆಯಲ್ಲಿ ತೊಗಲಿಗೆ ಬಳಸುತ್ತಿದ್ದ ತಂಗಡಿಯ ತೊಗಟೆ, ಅಳಲೆಕಾಯಿಗಳು ಈ ವರ್ಗಕ್ಕೇ ಸೇರಿದುವು. ಚೊಗರು ಎಲುಬಿಗೆ ಕೆಂಪುಮಿಶ್ರಿತ ಕಂದುಬಣ್ಣವನ್ನು ಕೊಡುವುದಲ್ಲದೆ, ಅದಕ್ಕೆ ಬೇರೆ ಬಂಧಕದ್ರವ್ಯ ಬೇಕಾಗುವುದಿಲ್ಲ. ತಿಳಿ ಚೊಗರಿನಲ್ಲಿ ಹಲವು ದಿನ ನೆನೆಸಿ, ನೆರಳಿನಲ್ಲಿ ಒಣಗಿಸಿ, ಮತ್ತೆ ನೆನೆಸುವ ಕ್ರಮದಿಂದ ಬಣ್ಣ ಸಮನಾಗಿ ಬರುತ್ತದೆ. ನಿತ್ಯ ಬಳಕೆಯ ಹಿಡಿಗೆ ಇದಕ್ಕಿಂತ ನಿರಪಾಯವಾದ ಬಣ್ಣ ಕಾಣುವುದಿಲ್ಲ.

ಕಪ್ಪು. ಟ್ಯಾನಿನ್ ಹಿಡಿದ ಎಲುಬಿಗೆ ಕಬ್ಬಿಣದ ಲವಣ ಸೋಂಕಿದರೆ ಕಪ್ಪು ಹುಟ್ಟುತ್ತದೆ. ಅಳಲೆಕಾಯಿ, ಅನ್ನಭೇದಿಗಳಿಂದ ಮಸಿಯನ್ನು ಮಾಡುತ್ತಿದ್ದವರು ಇದನ್ನು ಬಲ್ಲರು. ಅಳಲೆಯೊಡನೆ ನೀಲಿಗಪ್ಪೂ ಚೊಗರಿನೊಡನೆ ಹಸುರುಗಪ್ಪೂ ಬರುವುದು ಟ್ಯಾನಿನ್ನುಗಳ ಜಾತಿಭೇದದಿಂದ. ಆದರೆ ಅನ್ನಭೇದಿ ಕಬ್ಬಿಣದ ಸಲ್ಫೇಟ್ ಆದುದರಿಂದ ಈ ಕ್ರಿಯೆಯಲ್ಲಿ ಗಂಧಕಾಮ್ಲ ಹೊರಡುತ್ತದೆ. ಹಳೆಯ ಕಾಗದಗಳಲ್ಲಿ ಅಕ್ಷರವಿದ್ದ ಜಾಗವೇ ತೂತಾಗಿರುವುದು ಈ ಆಮ್ಲದ ಕೆಲಸ. ಎಲುಬಿನಲ್ಲಿಯಾದರೋ ಅದು ಕ್ಯಾಲ್ಸಿಯಮ್ಮಿನೊಡನೆ ಕೂಡಿ ಜಿಪ್ಸಮ್ ಆಗಿ ಬಿಳಿಯ ಹೂವಿನಂತೆ ಮೇಲೇಳುತ್ತದೆ. ಆದುದರಿಂದ ಕಲಂಕಾರಿ ಬಟ್ಟೆಯವರು ಮಾಡುವಂತೆ ಬೆಲ್ಲದ ನೀರಿನಲ್ಲಿ ತುಕ್ಕುಹಿಡಿದ ಕಬ್ಬಿಣವನ್ನು ಹುಳಿಸಿ ಬಂದ ದ್ರಾವಣವನ್ನು ಬಳಸುವುದು ಮೇಲು. ಅದರಲ್ಲಿ ಮೃದುವಾದ ಅಸೆಟಿಕ್ ಆಮ್ಲದ ಲವಣವಿರುತ್ತದೆ. ನೀರಿನಿಂದ ತೆಗೆದಾಗ ಬಣ್ಣ ಪೇಲವವಾಗಿದ್ದರೂ ಗಾಳಿಗಿಟ್ಟ ಮೇಲೆ ಕಪ್ಪೇರುತ್ತದೆ. ಇದನ್ನರಿಯದವರು ಮತ್ತೆ ಮತ್ತೆ ಕಬ್ಬಿಣವನ್ನು ಸೇರಿಸಿ ಕೆಡಿಸುವುದುಂಟು.

ಹಳದಿ. ಅರಿಸಿನವು ಎಲುಬಿಗೆ ಒಡನೆಯೇ ಹಿಡಿಯುತ್ತದೆ, ಆದರೆ ಬೆಳಕಿಗೆ ಬೇಗ ಮಾಸುತ್ತದೆ. ಅದಕ್ಕಿಂತ ದೊಡ್ಡ ದೋಷವನ್ನು ಓಕುಳಿಯನ್ನು ಕಂಡ ಯಾರಾದರೂ ಊಹಿಸಬಹುದು: ಅರಿಸಿನಕ್ಕೆ ಸುಣ್ಣ ಸೋಂಕಿದರೆ ಕೆಂಪಾಗುತ್ತದೆ. ಎಲೆಗೆ ಸುಣ್ಣ ಹಚ್ಚಿದ ಬೆರಳಿನಿಂದಲೇ ಅಡಕೆಯ ಚಾಕುವನ್ನು ಹಿಡಿಯುವ ನಾಡಿನಲ್ಲಿ ಅರಿಸಿನದ ಹಿಡಿಯು ಬೆರಳಿನ ಗುರುತನ್ನೆಲ್ಲ ಕೆಂಪಾಗಿ ತೋರಿಸೀತು. ಹಲಸಿನ ಮರದ ಕಾವಿನಿಂದ, ಪಟಿಕವನ್ನು ಬಂಧಕವಾಗಿ ಬಳಸಿ ಪಡೆಯುವ ಹಳದಿ ಇದಕ್ಕಿಂತ ಸ್ಥಿರವಾದುದು.

ಕೆಂಪು. ಅರಗಿನ ಹುಳುವಿನಿಂದ ಬರುವ ಅರಗಿನ ಬಣ್ಣವು ಪಟಿಕದೊಡನೆ ಒಳ್ಳೆಯ ಕೆಂಪನ್ನು ಕೊಡುತ್ತದೆ. ಪತ್ತಂಗದ ಮರದ ಕೆಂಪು ಮೊದಲು ಹೆಚ್ಚು ಚೆಲುವಾಗಿದ್ದರೂ ಬಿಸಿಲಿಗೆ ನಿಲ್ಲುವುದಿಲ್ಲ. ರಕ್ತಚಂದನದ ಬಣ್ಣ ನೀರಿನಲ್ಲಿ ಕರಗದು. ಅದಕ್ಕೆ ಮದ್ಯಸಾರ ಬೇಕು.

ಹಸುರು. ತಾಮ್ರದ ಕಿಲುಬಾದ ಜಂಗಾಲಿನಿಂದ ದಂತ ಎಲುಬುಗಳಿಗೆ ಹಸುರು ಕೊಡುವ ಪದ್ಧತಿ ಯುರೋಪು ಏಷ್ಯಗಳೆರಡರಲ್ಲಿಯೂ ಹಳೆಯದು. ಆದರೆ ತಾಮ್ರದ ಲವಣಗಳು ವಿಷ. ಹಣ್ಣು ಕೊಯ್ಯುವ ಚಾಕುವಿಗೆ ಸಲ್ಲವು. ಅಲಗನ್ನು ಕಳಚದೆ ಇಂಥ ದ್ರಾವಣದಲ್ಲಿ ಅದ್ದಿದರೆ ತಾಮ್ರವು ಉಕ್ಕಿನ ಮೇಲೆ ಕೂಡಿಕೊಂಡು ಉಕ್ಕನ್ನು ಕೊರೆಯುತ್ತದೆ.

೭. ನಯ ಮತ್ತು ಎಣ್ಣೆ

ಬಣ್ಣದ ಗಾಢತೆ ಬಣ್ಣದ್ರವ್ಯವೊಂದನ್ನೇ ಅವಲಂಬಿಸಿಲ್ಲ. ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ಕಡೆದು ನಯಮಾಡಿದ ಕಂಬಗಳು ಕಪ್ಪಾಗಿ ಹೊಳೆಯುತ್ತವೆ. ಅದೇ ಬಳಪದ ಕಲ್ಲಿನ ಒರಟು ಮೈ ಬೂದುಬಣ್ಣವಾಗಿ ಕಾಣುತ್ತದೆ. ಒರಟು ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚೆದರಿಸಿ ಬಿಳುಪನ್ನು ಬೆರಸುತ್ತದೆ, ನಯವಾದ ಮೈ ಹಾಗೆ ಮಾಡುವುದಿಲ್ಲ. ಎಲುಬಿಗೂ ಇದೇ ನ್ಯಾಯ. ಬಣ್ಣ ಸಾಲದೆಂದು ತೋರಿದ ಹಿಡಿಯನ್ನು ಮತ್ತೆ ಅದ್ದುವ ಮುಂಚೆ ನಯಮಾಡಿ ನೋಡುವುದು ಜಾಣತನ. ಎಷ್ಟೋ ವೇಳೆ ಅಷ್ಟೇ ಸಾಕಾಗುತ್ತದೆ. ಉಪ್ಪುಕಾಗದ ಬರುವ ಮುಂಚೆ ಮಲೆನಾಡಿನಲ್ಲಿ ಗರಗತ್ತಿಯ ಒರಟು ಎಲೆಯಿಂದ ಮರ, ಕೊಂಬುಗಳನ್ನು ತಿಕ್ಕಿ ನಯಮಾಡುತ್ತಿದ್ದರು.

ಎಣ್ಣೆಯ ವಿಷಯದಲ್ಲಿ ಅರಸೀಕೆರೆಯ ಕಡೆಯವರಿಗೆ ತೆಂಗಿನೆಣ್ಣೆಯ ನೆನಪಾಗುವುದು ಸಹಜ. ಆದರೆ ತೆಂಗಿನೆಣ್ಣೆ ಒಣಗಿ ಪೊರೆಗಟ್ಟುವ ಜಾತಿಯದಲ್ಲ. ಸುಮಾರು ೨೪ ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಮಾಗಿಯ ಚಳಿಯಲ್ಲಿ ಕಚ್ಚುಗಳಲ್ಲಿಯೂ ಬಿರುಕುಗಳಲ್ಲಿಯೂ ಬಿಳಿಯಾಗಿ ಕುಳಿತು ಧೂಳನ್ನು ಹಿಡಿಯುತ್ತದೆ. ಕನರಿದ ಎಣ್ಣೆಯ ಆಮ್ಲಗಳು ಹಿತ್ತಾಳೆಯ ಆಣಿಗಳೊಡನೆ ಕೂಡಿ ಹಸುರು ಕಿಲುಬನ್ನು ಹುಟ್ಟಿಸುತ್ತವೆ; ಹಳೆಯ ಚಾಕುಗಳ ಆಣಿಗಳ ಸುತ್ತ ಕಾಣುವ ಹಸುರು ಉಂಗುರಕ್ಕೆ ಇದೊಂದು ಮುಖ್ಯ ಕಾರಣ. ಅಗಸೆಯೆಣ್ಣೆಯು ಗಾಳಿಯಲ್ಲಿ ಒಣಗಿ ಪೊರೆಯಾಗುವುದರಿಂದ ಹೊಸ ಹಿಡಿಗೆ ಅದರ ತೆಳುಲೇಪ ಉಚಿತ. ಕಾಲಕ್ರಮದಲ್ಲಿ ಅದು ಸ್ವಲ್ಪ ಹಳದಿಯಾಗುವುದನ್ನು ಒಪ್ಪಿಕೊಳ್ಳಬೇಕು. ಚನ್ನಪಟ್ಟಣದ ಆಟಿಕೆಗಳಿಗೆ ಹಚ್ಚುವ ಅರಗು ರಂಧ್ರಗಳನ್ನು ಚೆನ್ನಾಗಿ ಮುಚ್ಚುತ್ತದೆಯಾದರೂ ಬಿಸಿಗೆ ಮೆದುವಾಗುತ್ತದೆ, ಮದ್ಯಸಾರಕ್ಕೆ ಕರಗುತ್ತದೆ. ಬಟ್ಟೆಯಿಂದ ತಿಕ್ಕಿದ ಜೇನುಮೇಣ ಇವೆಲ್ಲಕ್ಕಿಂತ ಸರಳವಾದುದು, ಬೇಕೆಂದಾಗ ತೆಗೆಯಲೂಬಹುದು.

೮. ಹಳೆಯ ಹಿಡಿಗಳ ರಕ್ಷಣೆ

ಹೊಸ ಹಿಡಿಗೆ ಬಣ್ಣ ಕೊಡುವ ನಿಯಮಗಳು ಹಳೆಯ ಹಿಡಿಗೆ ಅನ್ವಯಿಸುವುದಿಲ್ಲ. ಹಳೆಯ ಹಿಡಿಯ ಕಂದುಬಣ್ಣ, ಕೈಸವೆತದ ನಯ, ಅಡಕೆಯ ಕಲೆ, ಇವೆಲ್ಲ ಆ ವಸ್ತುವಿನ ಚರಿತ್ರೆ. ಹೊಯ್ಸಳರ ಲಾಂಛನದಲ್ಲಿ ಸಳನು ಮೃಗವನ್ನು ಇರಿಯುತ್ತಿರುವುದನ್ನು ಬೇಲೂರಿನಲ್ಲಿ ನೋಡುತ್ತೇವೆ. ಕಲ್ಲು ಆಯುಧದ ಆಕಾರವನ್ನು ತಿಳಿಸುವುದೇ ಹೊರತು ಹಿಡಿಯ ವಸ್ತುವನ್ನಾಗಲಿ ಬಣ್ಣವನ್ನಾಗಲಿ ತಿಳಿಸಲಾರದು. ನೆಲದೊಳಗೂ ಆ ಸಾಕ್ಷ್ಯ ಎಲ್ಲ ಕಡೆ ಉಳಿಯುವುದಿಲ್ಲ. ಬಳ್ಳಾರಿ, ರಾಯಚೂರು ಸೀಮೆಗಳ ನವಶಿಲಾಯುಗದ ನೆಲೆಗಳಲ್ಲಿ ಎಲುಬಿನ ಉಪಕರಣಗಳು ದೊರೆತಿವೆ. ಮಳೆ ಹೆಚ್ಚಾದ ಮಲೆನಾಡಿನ ಆಮ್ಲಗುಣದ ಮಣ್ಣಿನಲ್ಲಿಯಾದರೋ ಎಲುಬು ಕರಗಿಹೋಗುತ್ತದೆ. ಹೀಗಿರಲು ಮನೆಗಳಲ್ಲಿ ಉಳಿದುಬಂದಿರುವ ಒಂದೊಂದು ಹಿಡಿಯೂ ಅಮೂಲ್ಯವೆಂದೇ ಹೇಳಬೇಕು.

ಆದುದರಿಂದ ಇಂಥ ವಸ್ತುವನ್ನು ನೀರಿನಲ್ಲಿ ನೆನೆಸಬಾರದು. ಹುಳಿ, ಸೋಡ, ಬಿಳುಪುಪುಡಿಗಳನ್ನು ಮುಟ್ಟಿಸಬಾರದು. ಮೆದುವಾದ ಕುಂಚದಿಂದ ಧೂಳನ್ನು ತೆಗೆದು, ಅಗತ್ಯವಿದ್ದರೆ ನೀರನ್ನು ಹಿಂಡಿದ ಹತ್ತಿಯಿಂದ ಒರಸಿ ಕೂಡಲೆ ಒಣಗಿಸಬೇಕು. ಪದರಪದರವಾಗಿ ಏಳುತ್ತಿರುವ ಎಲುಬಿಗೆ ಪ್ಯಾರಲಾಯ್ಡ್ ಬಿ-೭೨ ಎಂಬ ಅಕ್ರಿಲಿಕ್ ರಾಳವನ್ನು ಅಸಿಟೋನಿನಲ್ಲಿ ತೆಳುವಾಗಿ ಕರಗಿಸಿ ಉಣಿಸುವ ಪದ್ಧತಿ ಸಂಗ್ರಹಾಲಯಗಳಲ್ಲಿ ರೂಢಿಯಲ್ಲಿದೆ. ಮುಂದೆ ಬೇಕಾದರೆ ಅದನ್ನು ಮತ್ತೆ ಕರಗಿಸಬಹುದು. ಚಾಕು ಹವ್ಯಾಸಿಗಳು ಬಳಸುವ ಶೀಘ್ರಾಂಟುಗಳೂ ನಿರ್ವಾತದಲ್ಲಿ ತುಂಬಿಸುವ ರಾಳಗಳೂ ಹೊಸ ಹಿಡಿಯನ್ನು ಗಟ್ಟಿಮಾಡಲು ಯೋಗ್ಯವಾದುವು, ಹಳೆಯದಕ್ಕೆ ಬೇಡ. ಗಾಳಿಯ ತೇವ ನೂರಕ್ಕೆ ಐವತ್ತರ ಆಸುಪಾಸಿನಲ್ಲಿ ಹೆಚ್ಚು ಏರಿಳಿಯದೆ ಇರುವ ಕಪಾಟು ಎಲ್ಲ ಲೇಪಗಳಿಗಿಂತಲೂ ಮೇಲಾದ ರಕ್ಷಣೆ. ವಸ್ತುವಿಗೆ ಏನು ಉಪಚಾರ ನಡೆಯಿತೆಂಬುದನ್ನು ದಿನಾಂಕದೊಡನೆ ಬರೆದಿಡುವುದು ಅವಶ್ಯ.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಎಲುಬಿನ ಹಿಡಿಯ ಸಂಸ್ಕಾರವೆಲ್ಲ ಖನಿಜ, ಪ್ರೋಟೀನುಗಳೆರಡನ್ನೂ ಉಳಿಸಿಕೊಳ್ಳುವ ವಿವೇಕವೆಂದು ಸ್ಪಷ್ಟವಾಗುತ್ತದೆ. ಆಮ್ಲ ಮೊದಲನೆಯದರ ಶತ್ರು. ಬಿಸಿಯೂ ಕ್ಲೋರೀನೂ ಎರಡನೆಯದರ ಶತ್ರುಗಳು. ಚೊಗರು, ಅಳಲೆ, ಅರಗುಗಳಂಥ ನಾಡಿನ ದ್ರವ್ಯಗಳು ಪ್ರೋಟೀನಿನೊಡನೆ ಸಹಜವಾಗಿ ಬೆಸೆದುಕೊಳ್ಳುವುದರಿಂದ ಇಂದಿಗೂ ಉಪಯುಕ್ತವಾಗಿವೆ. ಬಣ್ಣ ಕೊಟ್ಟ ಎಲುಬನ್ನು ಎಲುಬೆಂದೇ ಹೆಸರಿಸಿ ಮಾರುವುದು ಕುಶಲಿಗೆ ಗೌರವ, ಆನೆಗೆ ರಕ್ಷಣೆ.

ಕಾಲೇಜುಗಳ ರಸಾಯನವಿಭಾಗದವರೂ ಚರಿತ್ರೆಯ ವಿಭಾಗದವರೂ ಕೂಡಿ ಮಾಡಬಹುದಾದ ಕೆಲಸ ಇಲ್ಲಿದೆ. ಒಂದೇ ಎಲುಬಿನಿಂದ ಕೊಯ್ದ ಪಟ್ಟಿಗಳಿಗೆ ಬೇರೆ ಬೇರೆ ಬಣ್ಣಗಳನ್ನು ಕೊಟ್ಟು, ಪ್ರತಿಯೊಂದರ ಅರ್ಧವನ್ನು ಕಾಗದದಿಂದ ಮುಚ್ಚಿ, ಕಿಟಕಿಯ ಬಿಸಿಲಿನಲ್ಲಿ ಒಂದು ವರ್ಷ ಇಟ್ಟು ಹೋಲಿಸಿದರೆ ಯಾವ ಬಣ್ಣ ನಿಲ್ಲುತ್ತದೆಂಬುದು ವಿದ್ಯಾರ್ಥಿಗಳಿಗೆ ಕಣ್ಣಾರೆ ತಿಳಿಯುತ್ತದೆ. ಊರೂರಿನ ಮನೆಗಳಲ್ಲಿರುವ ಹಳೆಯ ಚಾಕುಗಳನ್ನು ಕೇಳಿ ನೋಡಿ, ಹಿಡಿಯ ವಸ್ತು, ಬಣ್ಣ, ಬಳಕೆಗಳ ಪಟ್ಟಿ ಮಾಡುವುದೂ ಅಷ್ಟೇ ಅಗತ್ಯ. ಈ ಚಾಕುಗಳನ್ನು ನಿತ್ಯ ಬಳಸಿದ ಹಿರಿಯರು ನಮ್ಮ ನಡುವೆ ಇರುವಾಗಲೇ ಇದು ನಡೆಯತಕ್ಕದ್ದು.